ಜೇಬಿನಲ್ಲಿದ್ದ ಪಟ್ಟಿ

ಸಂಜೆ ಆರೂವರೆ. ಛತ್ರಪತಿ ಸಂಭಾಜಿನಗರದಿಂದ ಹೊರಟ ಎಸ್.ಟಿ. ಬಸ್ಸು ಹರ್ಸೂಲ್ ದಾಟಿ ಚೌಕಾ ಘಾಟಿನ ತಿರುವು ಏರುತ್ತಿದೆ. ಅಜಂತಾ ನೋಡಲು ಬಂದವರು ನೀವು. ರಾತ್ರಿ ಸಿಲ್ಲೋಡಿನಲ್ಲಿ ಉಳಿದು ಬೆಳಗಿನ ತಂಪಿನಲ್ಲಿ ಗುಹೆ ತಲುಪುವ ಯೋಚನೆ ನಿಮ್ಮದು. ಕಿಟಕಿಯಾಚೆ ಆಳೆತ್ತರದ ಮೆಕ್ಕೆಜೋಳ, ನಡುವೆ ಹತ್ತಿ, ಅಲ್ಲಲ್ಲಿ ಮೆಣಸಿನಕಾಯಿ ತೋಟ. ನಿನ್ನೆ ಪೋಳಾ, ನಮ್ಮ ಕಾರಹುಣ್ಣಿಮೆಯ ಹಾಗೆ ಎತ್ತುಗಳ ಹಬ್ಬ. ಕೊಂಬಿಗೆ ಬಳಿದ ಬಣ್ಣ ಇನ್ನೂ ಹಸಿಯಾಗಿದೆ. ಪೋಳಾದೊಂದಿಗೆ ಶ್ರಾವಣವೂ ಮುಗಿಯಿತು. ತಿಂಗಳಿಡೀ ಮಾಂಸ, ಮದ್ಯ ಮುಟ್ಟದೆ ಕೂತವರಿಗೆ ಇವತ್ತು ಬಿಡುಗಡೆ.

ಫುಲಂಬ್ರಿ ದಾಟಿದ ಮೇಲೆ ಬೋರ್ಡುಗಳನ್ನು ಓದುತ್ತಾ ಹೋಗಿ. ಗೊಬ್ಬರ-ಬೀಜದ ಅಂಗಡಿ, ಟ್ರ್ಯಾಕ್ಟರ್ ಗ್ಯಾರೇಜು, ಬಿಯರ್ ಶಾಪಿ, ಹಾಟೆಲ್ ಮತ್ತು ಪರಮಿಟ್ ರೂಮ್, ಸರಕಾರಮಾನ್ಯ ದೇಶಿ ದಾರೂ ದುಕಾನ್. ಮಹಾರಾಷ್ಟ್ರದ ಬಾರಿಗೆ ಪರಮಿಟ್ ರೂಮ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1949ರ ಮುಂಬಯಿ ಪಾನನಿಷೇಧ ಕಾಯ್ದೆ ಇವತ್ತಿಗೂ ಜೀವಂತವಾಗಿದೆ. ಕಾಗದದ ಮೇಲೆ ಇಲ್ಲಿ ಕುಡಿಯುವವನ ಕೈಯಲ್ಲಿ ಪರವಾನಗಿ ಇರಬೇಕು, ಬಾರಿನವನು ಆ ಚೀಟಿ ಹರಿದುಕೊಡಬೇಕು. ಇಷ್ಟು ಕಟ್ಟುನಿಟ್ಟಿನ ಕಾನೂನಿನ ಕೆಳಗೆ ಇಷ್ಟು ಸಲೀಸಾಗಿ ಕುಡಿಯುವ ನಾಡನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಅಂಗಡಿಗಳು ರಸ್ತೆಗೆ ಇಷ್ಟು ಒತ್ತಿಕೊಂಡು ಇರಬಾರದಿತ್ತು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಕೂಡದೆಂದು ಹೇಳಿತು. ಆ ಹೋರಾಟ ನಡೆಸಿದವರಲ್ಲಿ ಚಂಡೀಗಢದ ಹರ್ಮನ್ ಸಿಂಗ್ ಸಿಧು ಒಬ್ಬರು. 1996ರ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದವರು. ಆದೇಶ ಜಾರಿಗೆ ಬರುವ ಮುನ್ನಾದಿನವೇ ಸಣ್ಣ ಊರುಗಳಿಗೆ ದೂರ 220 ಮೀಟರಿಗೆ ಇಳಿಯಿತು. ಕೆಲವೇ ತಿಂಗಳಲ್ಲಿ ಪುರಸಭೆ, ನಗರಸಭೆಗಳ ಎಲ್ಲೆಯೊಳಗೆ ಇದು ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆ ಬಂತು. ಸಿಲ್ಲೋಡಿನಂಥ ಊರುಗಳಲ್ಲಿ ಹೆದ್ದಾರಿಯೇ ಪೇಟೆ ಬೀದಿ. ಹಾಗಾಗಿ ಆ ಸ್ಪಷ್ಟನೆಯ ನಂತರ ಆದೇಶದಲ್ಲಿ ಏನು ಉಳಿಯಿತು ಎಂದು ನೋಡಲು ಈ ಕಿಟಕಿಯೇ ಸಾಕು.

ಸಿಲ್ಲೋಡ್ ಸ್ಟ್ಯಾಂಡಿನಲ್ಲಿ ಇಳಿಯುತ್ತೀರಿ. ಚೌಕದ ದಾರಿಫಲಕದಲ್ಲಿ ಒಂದು ಬಾಣ ಭೋಕರ್ದನ್ ಕಡೆಗೆ, ಇನ್ನೊಂದು ಕನ್ನಡ ಎಂಬ ಊರಿನ ಕಡೆಗೆ. ಬೆಂಗಳೂರಿನಿಂದ ಇಲ್ಲಿಯವರೆಗೆ ಬಂದವರಿಗೆ ಒಂದು ಕ್ಷಣ ನಗು ಬರುತ್ತದೆ. ಲಾಡ್ಜಿನಲ್ಲಿ ಚೀಲ ಇಟ್ಟು ಊಟಕ್ಕೆಂದು ಊರ ಹೊರಗಿನ ಢಾಬಾಕ್ಕೆ ನಡೆದು ಬರುತ್ತೀರಿ.

ಶೇವ್ ಭಾಜಿ, ಸಜ್ಜೆಯ ಭಾಕರಿ, ಹಸಿಮೆಣಸಿನ ಠೇಚಾ. ಠೇಚಾ ನಾಲಿಗೆಗೆ ತಾಗಿದ್ದೇ ಕಣ್ಣಲ್ಲಿ ನೀರು. ಈ ತಾಲೂಕಿನ ಮೆಣಸಿನಕಾಯಿಗೆ ಹೆಸರಿದೆ. ಸುಗ್ಗಿಯಲ್ಲಿ ಸಂಜೆಯಾದರೆ ಚೀಲಗಳು ಅಡತಿ ಅಂಗಡಿಗೆ ಬಂದು ಬೀಳುತ್ತವೆ, ರಾತ್ರಿಯೇ ಲಾರಿ ಏರುತ್ತವೆ. ಈಗಲೂ ರಸ್ತೆಯಲ್ಲಿ ಖಾಲಿ ಚೀಲ ಕಟ್ಟಿಕೊಂಡು ಊರಿಗೆ ಮರಳುವ ಮೋಟರ್‌ಸೈಕಲ್ಲುಗಳು ಹೋಗುತ್ತಲೇ ಇವೆ.

ಪಕ್ಕದ ಹೊರಸಿನ ಮೇಲೆ ಮೂವರು ಹುಡುಗರು. ಇವರಲ್ಲಿ ಒಬ್ಬನನ್ನು ನೀವು ಈ ರಾತ್ರಿ ಮತ್ತೆ ನೋಡಲಿದ್ದೀರಿ. ಹೆಸರು ಬೇಡ. ಈ ಬರಹದ ಹುಡುಗನಾಗಲಿ, ಇನ್ನು ಸ್ವಲ್ಪ ಹೊತ್ತಿನಲ್ಲಿ ಬರುವ ರೈತನಾಗಲಿ, ಅವನ ಹೆಂಡತಿಯಾಗಲಿ ಒಬ್ಬೊಬ್ಬರಲ್ಲ, ಇಂಥ ರಸ್ತೆಗಳ ಹಲವರನ್ನು ಸೇರಿಸಿ ಕಟ್ಟಿದವರು. ಊರು, ಕಾನೂನು, ಲೆಕ್ಕ ಮಾತ್ರ ಇದ್ದದ್ದು ಇದ್ದ ಹಾಗೆ.

ಒಂದು ಕ್ವಾರ್ಟರನ್ನು ಅವನೂ ಗೆಳೆಯನೂ ಅರ್ಧರ್ಧ ಹಂಚಿಕೊಂಡಿದ್ದಾರೆ. ತೊಂಬತ್ತು ಎಂ.ಎಲ್. ಮೂರನೆಯವನು ಕುಡಿದಿಲ್ಲ, ಆದರೆ ಅವನಿಗೆ ಗಾಡಿ ಓಡಿಸಲು ಬರುವುದಿಲ್ಲ. ಹುಡುಗ ಏಳುತ್ತಾನೆ. ಗಮನಿಸಿ, ಅವನು ತೂರಾಡುವುದಿಲ್ಲ. ದುಡ್ಡು ಎಣಿಸಿ ಕೊಡುತ್ತಾನೆ, ಚಿಲ್ಲರೆ ಕೇಳಿ ಪಡೆಯುತ್ತಾನೆ, ನಿಮ್ಮ ಕಾಲಿಗೆ ತಾಗಿದ್ದಕ್ಕೆ “ಮಾಫ್ ಕರಾ, ಕಾಕಾ” ಎನ್ನುತ್ತಾನೆ. ಢಾಬಾದ ಮುದುಕ ಒಮ್ಮೆ, “ಹಳೂ ಜಾ ರೇ” ಎಂದು ಎಚ್ಚರಿಸುತ್ತಾನೆ. “ಕಾಹೀ ಹೋತ್ ನಾಹೀ, ಬಾಬಾ.” ಏನೂ ಆಗಲ್ಲ. ಅರವತ್ತು ಕಿಲೋ ತೂಗುವ ಹುಡುಗನೊಳಗೆ ತೊಂಬತ್ತು ಎಂ.ಎಲ್. ಇಳಿದರೆ ನೂರು ಎಂ.ಎಲ್. ರಕ್ತಕ್ಕೆ ಸುಮಾರು ಎಪ್ಪತ್ತು ಮಿಲಿಗ್ರಾಂ ಮದ್ಯ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 30. ಕಾಲು ನೆಟ್ಟಗಿರುತ್ತದೆ, ಮಾತು ನೆಟ್ಟಗಿರುತ್ತದೆ. ಎದುರಿನ ದೀಪ ಎಷ್ಟು ದೂರದಲ್ಲಿದೆ ಎನ್ನುವ ಅಂದಾಜು ಮಾತ್ರ ಹೋಗಿರುತ್ತದೆ. ಸಿನಿಮಾದ ಕುಡುಕನನ್ನು ನೋಡಿ ಬೆಳೆದ ನಮಗೆ ಇವನು ಕುಡುಕನಾಗಿ ಕಾಣುವುದೇ ಇಲ್ಲ. ನೀವೂ ಬಾಯಿ ತೆರೆಯಲಿಲ್ಲ, ಭಾಕರಿ ಮುರಿಯುತ್ತಾ ಕೂತಿರಿ.

ಒಂಬತ್ತು ದಾಟಿತ್ತು. ಸದ್ದು ದೊಡ್ಡದೇನಲ್ಲ. ತಗಡಿನ ಡಬ್ಬಿ ಕಲ್ಲಿನ ಮೇಲೆ ಬಿದ್ದಂತೆ. ಮುದುಕ ತವೆಯಿಂದ ಭಾಕರಿ ತೆಗೆಯದೆ ಹಾಗೇ ಓಡಿದ. ನೀವೂ ಓಡುತ್ತೀರಿ.

ಮೆಕ್ಕೆಜೋಳ ರಸ್ತೆಗೆ ಬಾಗಿದ ತಿರುವು. ಮೊಬೈಲ್ ಟಾರ್ಚುಗಳ ಬೆಳಕಿನಲ್ಲಿ ಎರಡು ಬೈಕು, ಹರಡಿಬಿದ್ದ ಖಾಲಿ ಚೀಲಗಳು. ಹಸಿಮೆಣಸಿನ ಘಾಟು ಇನ್ನೂ ಚೀಲದಲ್ಲಿದೆ, ಬಗ್ಗಿದವರೆಲ್ಲ ಸೀನುತ್ತಿದ್ದಾರೆ. ಹುಡುಗನ ಕಾಲು ಮುರಿದಿದೆ, ಅಳುತ್ತಿದ್ದಾನೆ. ಇನ್ನೊಬ್ಬ ಅಳುತ್ತಿಲ್ಲ. ವಯಸ್ಸು ಮೂವತ್ತನಾಲ್ಕು ಎಂದು ಆಮೇಲೆ ಗೊತ್ತಾಗುತ್ತದೆ. ಯಾರೋ 108ಕ್ಕೆ ಫೋನ್ ಮಾಡುತ್ತಿದ್ದಾರೆ, ಯಾರೋ ಹೋಗಿಬರುವ ಲಾರಿಗಳಿಗೆ ಟವೆಲ್ ಬೀಸುತ್ತಿದ್ದಾರೆ. ಬಿದ್ದ ಗಾಡಿಯನ್ನು ರಸ್ತೆಯಿಂದ ಎಳೆಯಿರಿ ಎಂದು ಮುದುಕ ಕೂಗುತ್ತಾನೆ. ಅವನ ಕೂಗು ನಿಮ್ಮ ಬೆನ್ನಿಗೆ ತಣ್ಣಗೆ ತಾಗುತ್ತದೆ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲಿನ ಚಿನ್ನಟೇಕೂರಿನ ಬಳಿ ಹೀಗೆಯೇ ಒಂದು ಬೈಕು ಹೆದ್ದಾರಿಯಲ್ಲಿ ಬಿದ್ದಿತ್ತು. ಕುಡಿದು ಓಡಿಸಿದ ಸವಾರ ಡಿವೈಡರಿಗೆ ಬಡಿದು ಆಗಲೇ ಸತ್ತಿದ್ದ. ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಆ ಬೈಕಿನ ಮೇಲೆ ಹರಿದು, ಅದನ್ನು ಎಳೆದುಕೊಂಡು ಹೋಗಿ ಹೊತ್ತಿಕೊಂಡಿತು. 19 ಪ್ರಯಾಣಿಕರು ಮಲಗಿದ್ದಲ್ಲೇ ಹೋದರು. ಆಗ ಹೈದರಾಬಾದಿನ ಪೊಲೀಸ್ ಕಮಿಷನರ್ ಆಗಿದ್ದವರು ಹುಬ್ಬಳ್ಳಿಯ ವಿ.ಸಿ. ಸಜ್ಜನರ. ಕುಡಿದು ಗಾಡಿ ಓಡಿಸುವವರು ಭಯೋತ್ಪಾದಕರು ಎಂದು ಅವರು ಬಹಿರಂಗವಾಗಿ ಬರೆದರು. ಮಾತು ಖಾರವಾಯಿತು ಎಂದವರಿದ್ದರು. ಇಲ್ಲಿ ಕಾಲು ಹಿಡಿದುಕೊಂಡು ಅವ್ವನನ್ನು ಕರೆಯುತ್ತಿರುವ ಹುಡುಗನನ್ನು ನೋಡಿದರೆ ಆ ಪದ ಬಾಯಿಗೆ ಬರುವುದಿಲ್ಲ. ಎರಡಡಿ ಆಚೆ ನೋಡಿದರೆ ಬರುತ್ತದೆ.

ಸಿಲ್ಲೋಡಿನ ಉಪಜಿಲ್ಲಾ ಆಸ್ಪತ್ರೆ. ಟ್ಯೂಬ್‌ಲೈಟಿನ ಸುತ್ತ ಮಳೆಹುಳು. ವೈದ್ಯಾಧಿಕಾರಿ ರೈತನ ಕಣ್ಣಿಗೆ ಟಾರ್ಚು ಬಿಟ್ಟು ನೋಡುತ್ತಾರೆ, ಒಂದು ಪಾಪೆ ಹಿಗ್ಗಿದೆ. ತಲೆಯೊಳಗೆ ರಕ್ತ. ಇಲ್ಲಿ ನರ ಶಸ್ತ್ರಚಿಕಿತ್ಸಕರಿಲ್ಲ. “ಘಾಟಿಗೆ ಕಳಿಸಿ.” ಘಾಟಿ ಎಂದರೆ ಸಂಭಾಜಿನಗರದ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ. ಅರವತ್ತೈದು ಕಿಲೋಮೀಟರ್. ನೀವು ಸಂಜೆ ಕಿಟಕಿಯಿಂದ ನೋಡಿದ ಅದೇ ರಸ್ತೆ. ಅಗಲ ಮಾಡುತ್ತೇವೆಂದು ವರ್ಷಗಟ್ಟಲೆ ಅಗೆದಿಟ್ಟು ಜನರಿಗೆ ಧೂಳು ಕುಡಿಸಿದ ರಸ್ತೆ. ಆಂಬುಲೆನ್ಸ್ ಹೊರಟಿತು. ಫುಲಂಬ್ರಿಯ ಹತ್ತಿರ ಅದರ ಸೈರನ್ ನಿಲ್ಲಿಸಲಾಯಿತು ಎಂಬ ಸುದ್ದಿ ಹನ್ನೊಂದೂವರೆಗೆ ಬರುತ್ತದೆ.

ಈಗ ಹುಡುಗನ ಮಂಚದ ಕಡೆ ಬನ್ನಿ. ಕಾಲಿಗೆ ಪಟ್ಟಿ ಕಟ್ಟಿ ಮಲಗಿಸಿದ್ದಾರೆ. ರಕ್ತ ತೆಗೆಯಬೇಕೆಂದರೆ ಪೊಲೀಸರ ಕೋರಿಕೆ ಪತ್ರ ಬೇಕು, ಇಲ್ಲಿ ಅದಕ್ಕೆ ‘ಯಾದಿ’ ಎನ್ನುತ್ತಾರೆ. ಇರುವ ಒಬ್ಬ ಹವಾಲ್ದಾರ ಸ್ಥಳದಲ್ಲಿ ರಸ್ತೆ ಬಿಡಿಸುತ್ತಿದ್ದ, ಆಮೇಲೆ ಘಾಟಿಯ ಕಡೆ ಫೋನಿನಲ್ಲಿದ್ದ. ಅವನು ಯಾದಿ ತಂದಾಗ ಹನ್ನೆರಡೂವರೆ. ನರ್ಸ್ ತೋಳನ್ನು ಸ್ಪಿರಿಟ್ಟಿನಿಂದ ಒರೆಸುವುದಿಲ್ಲ, ಒರೆಸಿದರೆ ಆ ಸ್ಪಿರಿಟ್ಟೇ ರಕ್ತದ ಲೆಕ್ಕಕ್ಕೆ ಸೇರಿತು ಎಂದು ನಾಳೆ ವಕೀಲರು ವಾದಿಸುತ್ತಾರೆ. ಬೂದು ಮುಚ್ಚಳದ ಸಣ್ಣ ಶೀಷೆ, ತಳದಲ್ಲಿ ಬಿಳಿ ಪುಡಿ. ಸೋಡಿಯಂ ಫ್ಲೋರೈಡ್, ರಕ್ತ ಕೆಡದಂತೆ. ಐದು ಎಂ.ಎಲ್. ತುಂಬಿಸಿ ಮೆಲ್ಲಗೆ ತಲೆಕೆಳಗು ಮಾಡಿ ಕಲಸುತ್ತಾರೆ, ಅರಗು ಹಚ್ಚುತ್ತಾರೆ, ಹುಡುಗನ ಹೆಬ್ಬೆಟ್ಟು, ಹೊತ್ತು, ಸಹಿ. ಶೀಷೆ ಸಂಭಾಜಿನಗರದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಬೇಕು.

ಎಲ್ಲವೂ ಕ್ರಮಬದ್ಧ. ಆದರೆ ಒಂಬತ್ತರಿಂದ ಹನ್ನೆರಡೂವರೆಯವರೆಗೆ ಹುಡುಗನ ಯಕೃತ್ತು ಸುಮ್ಮನಿರಲಿಲ್ಲ. ಗಂಟೆಗೆ ಸುಮಾರು ಹದಿನೈದು ಮಿಲಿಗ್ರಾಂ ಲೆಕ್ಕದಲ್ಲಿ ಅದು ಮದ್ಯವನ್ನು ಕರಗಿಸುತ್ತಲೇ ಇತ್ತು. ಎಪ್ಪತ್ತರಿಂದ ಶುರು ಮಾಡಿ ಮೂರೂವರೆ ಗಂಟೆ ಕಳೆದರೆ ಉಳಿಯುವುದು ಇಪ್ಪತ್ತರ ಆಸುಪಾಸು. ಮಿತಿ ಮೂವತ್ತು. ತಿಂಗಳುಗಳ ನಂತರ ಬರುವ ವರದಿ ಸತ್ಯವನ್ನೇ ಹೇಳುತ್ತದೆ, ಆದರೆ ಹನ್ನೆರಡೂವರೆಯ ಸತ್ಯವನ್ನು. ಹಿಂದಕ್ಕೆ ಎಣಿಸಿ ಒಂಬತ್ತರ ಅಂಕಿ ಹೇಳುವ ವಿಧಾನ ಇದೆ, ಅದನ್ನು ಕೋರ್ಟಿನಲ್ಲಿ ನಿಲ್ಲಿಸುವುದು ಸುಲಭವಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಕುಡಿತದ ಪಾಲು ಎಂದು ಬರೆದದ್ದು ನೂರಕ್ಕೆ ಎರಡೂವರೆಯಷ್ಟು. ನಿಮ್ಹಾನ್ಸ್‌ನಲ್ಲಿದ್ದ ಡಾ. ಜಿ. ಗುರುರಾಜ್ ಅವರಂಥವರು ಆಸ್ಪತ್ರೆಗೆ ಬಂದ ಗಾಯಾಳುಗಳನ್ನೇ ನೋಡಿ, ನಿಜವಾದ ಪಾಲು ಪೊಲೀಸ್ ಕಾಗದಕ್ಕಿಂತ ಎಷ್ಟೋ ಹೆಚ್ಚು ಎಂದು ದಶಕಗಳಿಂದ ಹೇಳುತ್ತಿದ್ದಾರೆ. ಅಂತರ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೆ ನಾನು ಈ ಬೂದು ಮುಚ್ಚಳದ ಶೀಷೆಯನ್ನೂ ಗೋಡೆಯ ಗಡಿಯಾರವನ್ನೂ ತೋರಿಸುತ್ತೇನೆ.

ಸಿಕ್ಕಿಬಿದ್ದರೂ ಆಗುವುದೇನು? ಮೊದಲ ಸಲಕ್ಕೆ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸಾವಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ. 2006ರ ನವೆಂಬರ್ 12ರ ಬೆಳಗಿನ ಜಾವ ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ ಅಲಿಸ್ಟರ್ ಪೆರೇರಾ ಎಂಬ ಯುವಕನ ಕಾರು ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ರಸ್ತೆ ಕೆಲಸದ ಕೂಲಿಗಳ ಮೇಲೆ ಹತ್ತಿತು. ಏಳು ಸಾವು, ಎಂಟು ಮಂದಿಗೆ ಗಾಯ. ಆ ಸಲ ರಕ್ತದಲ್ಲಿ ಮದ್ಯ ಸಿಕ್ಕಿತ್ತು, ಮಿತಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು. ಕೆಳಗಿನ ಕೋರ್ಟ್ ಕೊಟ್ಟದ್ದು ಆರು ತಿಂಗಳು. ಹೈಕೋರ್ಟ್ ಅದನ್ನು ಮೂರು ವರ್ಷ ಮಾಡಿತು. 2012ರಲ್ಲಿ ಅದನ್ನೇ ಎತ್ತಿಹಿಡಿದ ಸುಪ್ರೀಂ ಕೋರ್ಟ್, ಈ ಶಿಕ್ಷೆಯೂ ಕಡಿಮೆಯೇ ಎಂಬ ಧಾಟಿಯಲ್ಲಿ ಮಾತಾಡಿತು.

ಬೆಳಗಾಗಿದೆ. ನೀವು ಅಜಂತಾಕ್ಕೆ ಹೋಗಲಿಲ್ಲ. ಶವಾಗಾರದ ಹೊರಗೆ ಬೇವಿನ ಮರದಡಿ ಊರ ಗಂಡಸರು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಮನೆಯ ಹೆಂಗಸರಿಗೆ ‘ಪೆಟ್ಟಾಗಿದೆ’ ಎಂದಷ್ಟೇ ಹೇಳಿ ಬಂದಿದ್ದಾರೆ. ಪಂಚನಾಮೆ ಬರೆಯುವವನು ಅಂಗಿಯ ಜೇಬಿನ ಸಾಮಾನು ಎಣಿಸುತ್ತಾನೆ: ಮೊಬೈಲ್ ಒಂದು, ಗಾಯಛಾಪ್ ತಂಬಾಕಿನ ಪುಡಿಕೆ ಒಂದು, ನಗದು ಇಷ್ಟು, ಅಡತಿ ಅಂಗಡಿಯ ಪಟ್ಟಿ ಒಂದು. ಆ ಪಟ್ಟಿಯನ್ನು ನೋಡಿಟ್ಟುಕೊಳ್ಳಿ. ಕಾರ್ಬನ್ ಪ್ರತಿ, ನೀಲಿ ಅಕ್ಷರ. ಹಿರವಿ ಮಿರ್ಚಿ, ತೂಕ, ದರ, ಹಮಾಲಿ ಕಳೆದು, ತೋಲಾಯಿ ಕಳೆದು, ಕೈಗೆ ಬಂದದ್ದು. ತಾರೀಖು ನಿನ್ನೆಯದು.

ಎರಡು ವರ್ಷ ದಾಟಿಬಿಡೋಣ. ಆ ಪಟ್ಟಿ ಈಗ ಒಬ್ಬ ಹೆಂಗಸಿನ ಕೈಚೀಲದಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಇದೆ. ಆಕೆ ಸಂಭಾಜಿನಗರಕ್ಕೆ ಹೋಗುವ ಎಸ್.ಟಿ.ಯಲ್ಲಿ ಕೂತಿದ್ದಾಳೆ. 2023ರಿಂದ ಹೆಂಗಸರಿಗೆ ಅರ್ಧ ಟಿಕೆಟ್, ಅಷ್ಟರಮಟ್ಟಿಗೆ ಹಗುರ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಇವತ್ತು ಅವಳ ಸಾಕ್ಷಿ. ನೀವು ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ.

ರೈತನಿಗೆ ಸಂಬಳದ ಚೀಟಿ ಇಲ್ಲ. ಅವನ ದುಡಿಮೆಗೆ ಸಾಕ್ಷಿಯಾಗಿ ಉಳಿದದ್ದು ಈ ಪಟ್ಟಿ ಮತ್ತು ಸಾತ್‌ಬಾರಾ, ಅಂದರೆ ನಮ್ಮ ಪಹಣಿ. ಹುಡುಗನ ಬೈಕಿನ ವಿಮಾ ಕಂಪನಿಯ ವಕೀಲರು ಸಾತ್‌ಬಾರಾವನ್ನು ಎತ್ತಿ ಹಿಡಿದು ಕೇಳುತ್ತಾರೆ: “ಜಮೀನು ಎಲ್ಲಿಗೂ ಹೋಗಿಲ್ಲವಲ್ಲ ಬಾಯಿ?” ಜಮೀನು ಹೋಗಿಲ್ಲ. ಹೊಲ ಉಳಿದಿರುವುದರಿಂದ ನಷ್ಟವಾದದ್ದು ಅವನ ಮೇಲ್ವಿಚಾರಣೆ ಮಾತ್ರ ಎಂದು ಎಣಿಸುವ ರೂಢಿ ಕೋರ್ಟುಗಳಲ್ಲಿದೆ. ಮೆಣಸಿನ ಗಿಡಕ್ಕೆ ಇಬ್ಬನಿ ಆರುವ ಮೊದಲೇ ಔಷಧಿ ಹೊಡೆಯುವುದು, ರಾತ್ರಿ ಕರೆಂಟು ಬಂದಾಗ ಎದ್ದು ಪಂಪು ಹಚ್ಚುವುದು, ಕೊಯ್ಲಿಗೆ ಆಳು ಹುಡುಕುವುದು, ಇವೆಲ್ಲ ಮೇಲ್ವಿಚಾರಣೆ. ಪಟ್ಟಿಯನ್ನು ತೋರಿಸಿದಾಗ ಇನ್ನೊಂದು ಪ್ರಶ್ನೆ: “ಇದು ಒಂದು ದಿನದ್ದೋ, ತಿಂಗಳದ್ದೋ?” ಆಕೆ ಏನು ಹೇಳಬೇಕು? ಮೆಣಸಿನಕಾಯಿಗೆ ತಿಂಗಳೆಂಬುದಿಲ್ಲ, ಸುಗ್ಗಿ ಇದೆ, ದರ ಬಿದ್ದ ದಿನಗಳಿವೆ. ಕಾರ್ಬನ್ ಅಕ್ಷರ ಅಷ್ಟರಲ್ಲೇ ಅರ್ಧ ಮಾಸಿದೆ. ವಕೀಲರು ಮೊದಲೇ ಜೆರಾಕ್ಸ್ ಮಾಡಿಸಿಟ್ಟದ್ದು ಒಳ್ಳೆಯದಾಯಿತು.

ಕೊನೆಗೆ ಲೆಕ್ಕ. 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳು ಕೊಟ್ಟ ಸೂತ್ರ. ತಿಂಗಳಿಗೆ ಹತ್ತು ಸಾವಿರ ಎಂದು ಹಿಡಿಯಿರಿ. ನಲವತ್ತರೊಳಗಿನ ಸ್ವಂತ ದುಡಿಮೆಯವನಾದ್ದರಿಂದ ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗೆ ನೂರಕ್ಕೆ ನಲವತ್ತು ಸೇರಿಸಿ: ಹದಿನಾಲ್ಕು ಸಾವಿರ. ಹೆಂಡತಿ, ಇಬ್ಬರು ಮಕ್ಕಳು, ತಾಯಿ, ನಾಲ್ವರು ಅವಲಂಬಿತರು. ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆಯಿರಿ: ಹತ್ತೂವರೆ ಸಾವಿರ. ವರ್ಷಕ್ಕೆ 1,26,000. ಮೂವತ್ತನಾಲ್ಕರ ವಯಸ್ಸಿಗೆ ಗುಣಕ 16. ಒಟ್ಟು 20,16,000. ಸಂಸ್ಕಾರದ ಖರ್ಚಿಗೆ 15,000. ಒಡನಾಟ ಕಳೆದುಕೊಂಡದ್ದಕ್ಕೆ 40,000. 2017ರ ಈ ಮೊತ್ತಗಳು ಮೂರು ವರ್ಷಕ್ಕೊಮ್ಮೆ ನೂರಕ್ಕೆ ಹತ್ತು ಏರುತ್ತವೆ. 2018ರಿಂದ ಮಕ್ಕಳಿಗೂ ತಾಯಿಗೂ ಒಡನಾಟದ ಬಾಬಿನಲ್ಲಿ ಪಾಲು ಇದೆ. ಸೂತ್ರವನ್ನು ನಾನು ಹಳಿಯುವುದಿಲ್ಲ. ಇದು ಇಲ್ಲದಿದ್ದಾಗ ಒಬ್ಬೊಬ್ಬ ನ್ಯಾಯಾಧೀಶರು ಒಂದೊಂದು ಬಗೆಯಾಗಿ ಎಣಿಸುತ್ತಿದ್ದರು, ಬಡವರಿಗೆ ಸಿಗುತ್ತಿದ್ದುದು ಇದಕ್ಕಿಂತ ಕಡಿಮೆ.

ಆದರೆ ಮಧ್ಯಾಹ್ನದ ವಿರಾಮದಲ್ಲಿ ಕಾರಿಡಾರಿನಲ್ಲಿ ಅವಳ ವಕೀಲರು ತಗ್ಗಿದ ದನಿಯಲ್ಲಿ ಹೇಳುವ ಮಾತನ್ನು ಕೇಳಿಸಿಕೊಳ್ಳಿ. “ತಾಯಿ, ಅವನು ಕುಡಿದಿದ್ದ ಕುಡಿದಿದ್ದ ಎಂದು ಒತ್ತಿ ಹೇಳಬೇಡಿ.” 2019ರ ತಿದ್ದುಪಡಿಯ ನಂತರ ಸವಾರ ಕುಡಿದಿದ್ದನೆಂದು ರುಜುವಾತಾದರೆ ವಿಮಾ ಕಂಪನಿ ಅದನ್ನೇ ತನ್ನ ರಕ್ಷಣೆಗೆ ಎತ್ತಿಕೊಳ್ಳಬಹುದು. ಎಷ್ಟೋ ಕೋರ್ಟುಗಳು ‘ಮೊದಲು ನೀವು ಕೊಡಿ, ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳಿ’ ಎನ್ನುತ್ತವೆ, ನಿಜ. ಆದರೂ ಅಪೀಲು, ತಡೆ, ಇನ್ನೆರಡು ವರ್ಷ. ಗಂಡನನ್ನು ಕೊಂದ ಕುಡಿತವನ್ನು ಅವಳು ಕ್ರಿಮಿನಲ್ ಕೋರ್ಟಿನಲ್ಲಿ ಸಾಬೀತು ಮಾಡಲಾರಳು, ರಕ್ತ ಇಪ್ಪತ್ತು ಎನ್ನುತ್ತದೆ. ಇಲ್ಲಿ ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ಮಕ್ಕಳ ಫೀಸು ಕಟ್ಟಬೇಕು. ಆಕೆ ಸೆರಗಿನಂಚನ್ನು ಬೆರಳಿಗೆ ಸುತ್ತುತ್ತಾ ಕೇಳುತ್ತಾಳೆ: “ಹಾಗಾದರೆ ಎಲ್ಲಿ ಹೇಳಲಿ, ದಾದಾ?”

ಹುಡುಗನ ಮನೆಗೂ ಹೋಗಿಬರೋಣ. ಅವನು ಜಾಮೀನಿನ ಮೇಲಿದ್ದಾನೆ. ಕಾಲಿನೊಳಗೆ ರಾಡು, ಕುಂಟುತ್ತಾನೆ. ಕುಡಿದಿದ್ದರಿಂದ ಅವನ ಸ್ವಂತ ಅಪಘಾತ ವಿಮೆ ಕೈಕೊಟ್ಟಿದೆ, ಒಂದು ಎಕರೆ ಒತ್ತೆ ಬಿದ್ದಿದೆ. ನೋಡಲು ಬಂದ ಹೆಣ್ಣಿನವರು ಸುದ್ದಿ ಕೇಳಿ ತಿರುಗಿ ಬಂದಿಲ್ಲ. ಅವನ ಅವ್ವ ನಿಮಗೆ ಚಹಾ ಕೊಟ್ಟು, ಆ ಹೆಂಗಸಿನ ಮನೆಯ ಹಾದಿಯಲ್ಲಿ ತಾನು ನಡೆಯುವುದನ್ನೇ ಬಿಟ್ಟೆ ಎನ್ನುತ್ತಾಳೆ. ಸಂತೆಗೆ ಸುತ್ತು ಹಾಕಿ ಹೋಗುತ್ತಾಳಂತೆ. ಹುಡುಗ ಒಳಗಿನ ಕೋಣೆಯಿಂದ ಹೊರಗೆ ಬರುವುದಿಲ್ಲ.

ಎಲ್ಲಿ ಹೇಳಲಿ ಎಂದು ಕೇಳಿದವಳಿಗೆ ಮಹಾರಾಷ್ಟ್ರದಲ್ಲಿ ಒಂದು ಜಾಗವಿದೆ. ಊರಿನ ಮತದಾರ ಹೆಂಗಸರಲ್ಲಿ ನೂರಕ್ಕೆ ಇಪ್ಪತ್ತೈದು ಮಂದಿ ಸಹಿ ಹಾಕಿದರೆ ಅಬಕಾರಿ ಇಲಾಖೆ ಊರಿನ ದಾರೂ ಅಂಗಡಿಯ ಬಗ್ಗೆ ಗುಪ್ತ ಮತದಾನ ನಡೆಸಬೇಕು. ಚೀಟಿಯ ಮೇಲೆ ಎರಡೇ ಚಿತ್ರ. ನಿಂತ ಬಾಟಲಿ, ಮಲಗಿದ ಬಾಟಲಿ. ಇಲ್ಲಿಯ ಬಾಯಿಮಾತಿನಲ್ಲಿ ಉಭೀ ಬಾಟಲಿ, ಆಡವೀ ಬಾಟಲಿ. ಮಲಗಿದ್ದಕ್ಕೆ ಗುದ್ದಿದರೆ ಅಂಗಡಿ ಮುಚ್ಚಬೇಕು. ಬಂದವರಲ್ಲಿ ಅರ್ಧ ಸಾಲದು, ಮತದಾರರ ಪಟ್ಟಿಯಲ್ಲಿರುವ ಒಟ್ಟು ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಬಾರದೇ ಉಳಿದವರ ಮತ ತಾನಾಗಿ ನಿಂತ ಬಾಟಲಿಗೆ ಹೋದ ಹಾಗೆ.

ರೈತನ ಊರಿನ ಪಂಚಾಯಿತಿ ಕಟ್ಟೆಯ ಮೇಲೆ ಅಬಕಾರಿ ಇಲಾಖೆಯವರು ಸಹಿ ತಾಳೆ ನೋಡುತ್ತಿದ್ದಾರೆ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಆಧಾರ್ ತೋರಿಸಿ ಹೆಬ್ಬೆಟ್ಟು ಒತ್ತುತ್ತಾರೆ. ಹುಡುಗನ ಅವ್ವ ಬಂದಿಲ್ಲ. ಅವಳ ಕಿರಿಮಗ ಅದೇ ರಸ್ತೆಯ ಪರಮಿಟ್ ರೂಮಿನಲ್ಲಿ ಗ್ಲಾಸು ತೊಳೆಯುವ ಕೆಲಸಕ್ಕಿದ್ದಾನೆ, ಮನೆ ನಡೆಯುವುದು ಅವನ ಸಂಬಳದಲ್ಲಿ. ಯಾರೂ ಅವಳನ್ನು ಬೈಯುವುದಿಲ್ಲ.

“ಮತದಾನ ಯಾವಾಗ, ಸಾಹೇಬ್?”

“ಮೇಲಿಂದ ತಾರೀಖು ಬರಬೇಕು. ದೀಪಾವಳಿ ಕಳೆಯಲಿ.”

ಗದ್ದಲ ಎದ್ದಿತು. ದೀಪಾವಳಿ ಕಳೆದರೆ ತಾಂಡಾ, ವಾಡಿಗಳ ಅರ್ಧ ಜನ ಕಬ್ಬು ಕಡಿಯಲು ಹೊರಡುತ್ತಾರೆ. ಕೊಲ್ಹಾಪುರ, ಸಾಂಗ್ಲಿ, ಇತ್ತ ನಮ್ಮ ಬೆಳಗಾವಿಯವರೆಗೂ. ಗಂಡನ ಜತೆ ಹೆಂಡತಿಯೂ ಹೋಗುತ್ತಾಳೆ, ಜೋಡಿಗೆ ಒಂದೇ ಮುಂಗಡ. ಅವರು ಮರಳುವುದು ಬೇಸಿಗೆಗೆ. ಅಧಿಕಾರಿ ಕೈ ತಿರುಗಿಸುತ್ತಾನೆ, ಅದು ನನ್ನ ಕೈಯಲ್ಲಿಲ್ಲ ಎನ್ನುತ್ತಾನೆ. ನೀವು ಹಿಂಬಾಲಿಸಿದ ಹೆಂಗಸು ಅಷ್ಟು ಹೊತ್ತು ಕಂಬಕ್ಕೆ ಒರಗಿ ಕೂತಿದ್ದವಳು, ಮಗಳ ಶಾಲೆಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಕಿತ್ತುಕೊಂಡು ಮೇಲೇಳುತ್ತಾಳೆ. ಕಬ್ಬು ಕಡಿಯುವ ಟೋಳಿಯ ಮೇಸ್ತ್ರಿ, ಮುಕಾದಮನ ಮನೆ ಎರಡು ಓಣಿ ಆಚೆ. ಯಾರ್ಯಾರು ಯಾವ ದಿನ ಗಾಡಿ ಹತ್ತುತ್ತಾರೆ, ಅವರಲ್ಲಿ ಹೆಂಗಸರೆಷ್ಟು ಎಂದು ಅವನಿಂದ ಬರೆಸಿಕೊಂಡು ಬರಲು ಹೊರಟಿದ್ದಾಳೆ. ಹಿಂದೆ ಇನ್ನೂ ನಾಲ್ಕು ಮಂದಿ.